ಗೇಟಿನ ಹೊರಗೆ ನಿಂತ ಕೊಟೇಶನ್

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಸ್ಪ್ರಿಂಗ್ ಶಾಪಿನ ಲೆಟರ್‌ಹೆಡ್ಡಿನಲ್ಲಿ ಎರಡು ಫೋನ್ ನಂಬರುಗಳಿವೆ. ಮೊದಲನೆಯದು ನಮ್ಮ ಯಜಮಾನರದು, ಎರಡನೆಯದು ನನ್ನದು. ನನ್ನ ನಂಬರು ಅಲ್ಲಿರುವುದು ಬರೀ ಅಲಂಕಾರಕ್ಕೆ ಎಂದೇ ತಿಳಿದಿದ್ದೆ. ಆ ನಂಬರಿಗೆ ಶಾಪಿನ ಕೆಲಸಕ್ಕೆಂದು ಯಾರೂ ಫೋನ್ ಮಾಡಿದವರಲ್ಲ. ಹಾಗಾಗಿ ಆ ಸೋಮವಾರ ಜಾಲಹಳ್ಳಿಯ ನಮ್ಮ ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಬಂದ ಕರೆಯನ್ನು, ಯಾವುದೋ ಬ್ಯಾಂಕಿನವರ ಸಾಲದ ರಾಗವಿರಬೇಕು ಅಂದುಕೊಂಡು, ಒದ್ದೆ ಕೈಯಲ್ಲೇ ತೆಗೆದೆ.

"ಮೇಡಂ, ದೊಡ್ಡನೆಕ್ಕುಂದಿಯಿಂದ ಮಾತಾಡ್ತಾ ಇರೋದು, ಪರ್ಚೇಸ್ ಡಿಪಾರ್ಟ್‌ಮೆಂಟು. ಸಾರ್ ಫೋನ್ ತೆಗೀತಿಲ್ಲ. ಹೊಸ ಮಂಚದ ಸ್ಪ್ರಿಂಗಿಗೆ ಕೊಟೇಶನ್ ಕೇಳಿ ಎಷ್ಟು ಸಲ ಮೇಲ್ ಹಾಕಿದೀವಿ, ನಿಮ್ಮ ಕಡೆಯಿಂದ ಒಂದಕ್ಕೂ ಉತ್ತರ ಇಲ್ಲ. ಇಂಟರೆಸ್ಟ್ ಇಲ್ಲ ಅಂದ್ರೆ ಹೇಳ್ಬಿಡಿ. ಶುಕ್ರವಾರ ಸಪ್ಲೈಯರ್ ಲಿಸ್ಟ್ ಫೈನಲ್ ಆಗುತ್ತೆ, ನಿಮ್ಮ ಹೆಸರು ತೆಗೀಬೇಕಾಗುತ್ತೆ."

ಆ ಹೆಂಗಸಿನ ದನಿ ಒರಟಾಗಿರಲಿಲ್ಲ. ಸುಸ್ತಾಗಿತ್ತು, ಅಷ್ಟೆ. ನಾನು ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟೆ.

ಆ ಕಂಪನಿ ಆಸ್ಪತ್ರೆಯ ಮಂಚಗಳನ್ನು ಮಾಡುತ್ತದೆ. ರೋಗಿಯ ತಲೆಭಾಗ ಮೇಲೆತ್ತುವಾಗ ಮಂಚ ಧಡಕ್ಕನೆ ಕೆಳಗೆ ಕುಸಿಯದಂತೆ ಹಿಡಿದುಕೊಳ್ಳುವ ಸ್ಪ್ರಿಂಗು ನಮ್ಮ ಮಾವನವರ ಕಾಲದಿಂದಲೂ ನಮ್ಮದೇ. ಶಾಪಿನ ಅರ್ಧ ಕೆಲಸ ಅದೊಂದೇ. ಮಾದನಾಯಕನಹಳ್ಳಿಯ ಬಾಡಿಗೆ ರೂಮುಗಳಿಂದ ದಿನಾ ಬಸ್ಸು ಹತ್ತಿ ಬರುವ ನಮ್ಮ ಬಾಗಲಕೋಟೆಯ ಕೆಲಸಗಾರರು ನಿಂತಿರುವುದೂ ಅದರ ಮೇಲೆಯೇ. ಆ ಲಿಸ್ಟಿನಿಂದ ಹೆಸರು ಹೋಯಿತೆಂದರೆ ಏನು ಹೋಯಿತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಯಜಮಾನರು ಬಂದಾಗ ವಿಷಯ ಹೇಳಿದೆ. ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತರು.

"ಕಳಿಸಿಲ್ವಂತಾ? ನಾನಾ?"

"ಹಾಗಂತಾರೆ."

"ಕೇಳಿದ ದಿನಾನೇ ಕಳಿಸಿದೀನಿ ಕಣೇ. ನೋಡು ಬೇಕಾದ್ರೆ." ಫೋನ್ ತೆಗೆದು ತೋರಿಸಿದರು. ಕಳಿಸಿದ ಮೇಲ್‌ಗಳ ಸಾಲಿನಲ್ಲಿ ಅದು ಇತ್ತು. ಒಂದಲ್ಲ, ಪ್ರತಿ ಸಲ ಕೇಳಿದಾಗಲೂ ಪ್ರತಿ ಸಲ ಕಳಿಸಿದ್ದರು. ಆ ಕಡೆಯವರು ಸುಳ್ಳು ಹೇಳುತ್ತಿರಲಿಲ್ಲ, ಈ ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ. ಮಧ್ಯದಲ್ಲೆಲ್ಲೋ ಮಾತು ನಿಂತುಹೋಗಿತ್ತು.

ನಮ್ಮ ಅತ್ತೆ ದಾವಣಗೆರೆಯಲ್ಲಿ ಶಾಲೆಯ ಟೀಚರಾಗಿದ್ದು ನಿವೃತ್ತರಾದವರು, ಈಗ ನಮ್ಮ ಜೊತೆಗಿದ್ದಾರೆ. ಸೋಫಾದ ಮೂಲೆಯಿಂದ ಅವರ ತೀರ್ಪು ಬಂತು. "ರಿಜಿಸ್ಟರ್ ಪೋಸ್ಟ್ ಹಾಕಿದ್ರೆ ಮುಗ್ದಿತ್ತು. ಸಹಿ ಮಾಡಿಸ್ಕೊಂಡು ಕೈಯಾಗೆ ಇಟ್ಟು ಬರ್ತಿದ್ದ ಪೋಸ್ಟ್‌ಮ್ಯಾನು. ಈಗಿಂದು ಗಾಳ್ಯಾಗೆ ತೂರಿದಂಗೆ, ಯಾರ ಅಂಗಳದಾಗೆ ಬೀಳ್ತದೋ ಏನೋ."

"ನಾನೇ ಹೋಗಿ ಕೈಗೆ ಕೊಟ್ಟು ಬರ್ತೀನಿ ಬಿಡು," ಎಂದರು ಯಜಮಾನರು.

ಮಂಗಳವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಪ್ರಿಂಟು ತೆಗೆದ ಕೊಟೇಶನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೊರಟರು. ಪೀಣ್ಯದ ಕಡೆಯಿಂದ ದೊಡ್ಡನೆಕ್ಕುಂದಿಗೆ ಹೋಗುವುದೆಂದರೆ ಬೆಂಗಳೂರಿನ ಅರ್ಧ ಪ್ರದಕ್ಷಿಣೆ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಷರಟಿನ ಇಸ್ತ್ರಿಯೆಲ್ಲ ಹೋಗಿದ್ದು ಅವರು ಮರಳಿದಾಗ ನನಗೆ ಕಂಡಿತು. ಕವರು ಕೈಯಲ್ಲೇ ಇತ್ತು.

ಗೇಟಿನಲ್ಲಿ ನಡೆದದ್ದನ್ನು ಅವರೇ ಹೇಳಿದರು. ಸೆಕ್ಯೂರಿಟಿಯವನು ಕೇಳಿದನಂತೆ, "ಯಾರನ್ನ ನೋಡ್ಬೇಕು ಸಾರ್?"

"ಪರ್ಚೇಸ್ ಮೇಡಂನ."

"ಅಪಾಯಿಂಟ್‌ಮೆಂಟ್ ಮೇಲ್ ಇದೆಯಾ?"

"ಮೇಲ್ ಹೋಗ್ತಿಲ್ಲ ಅಂತ್ಲೇ ಬಂದಿರೋದು ಕಣಪ್ಪಾ."

"ಹಂಗಾದ್ರೆ ಮೇಲ್ ಮಾಡಿ ಬನ್ನಿ ಸಾರ್."

ಮೇಡಂ ಮೀಟಿಂಗಿನಲ್ಲಿದ್ದರು. ಕೊಟೇಶನ್ ಕಾಗದದಲ್ಲಿ ತೆಗೆದುಕೊಳ್ಳುವುದಿಲ್ಲವೆಂದು ರಿಸೆಪ್ಷನ್ನಿನಿಂದ ಗೇಟಿಗೆ ಫೋನ್ ಬಂತು. ಇವರು ಎದುರಿನ ಹೊಂಗೆ ಮರದ ಕೆಳಗೆ ಊಟದ ಹೊತ್ತಿನವರೆಗೂ ನಿಂತು ವಾಪಸು ಬಂದರು. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

"ಅವರ ಮಂಚದೊಳಗೆ ನನ್ನ ಸ್ಪ್ರಿಂಗ್ ಇದೆ, ಒಳಗೆ ಹೋಗೋಕೆ ನನಗೆ ಜಾಗ ಇಲ್ಲ," ಎಂದರು. ನಮ್ಮ ಯಜಮಾನರು ಬೇಸರವನ್ನು ಜೋರಾಗಿ ಹೇಳುವವರಲ್ಲ. ಅದಕ್ಕೇ ಆ ಮಾತು ನನಗೆ ಹೆಚ್ಚು ತಾಗಿತು.

ಸೆಕ್ಯೂರಿಟಿಯವನ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಅವನಿಗೆ ಇವರು ಯಾರೆಂದು ಒಳಗಿನಿಂದ ಯಾರೂ ಹೇಳಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಕೂಡ ಹಾಗೇ ಅಲ್ಲವೇ ಮಾಡುವುದು. ಅನ್ನಕ್ಕೆ ಇಡುತ್ತ ಅದನ್ನೇ ಯೋಚಿಸುತ್ತಿದ್ದಾಗ ಹೊಳೆಯಿತು: ಇ-ಮೇಲಿಗೂ ಒಂದು ಗೇಟಿರಬೇಕು. ಅಲ್ಲಿಯೂ ಯಾರೋ ನಿಂತು, ನೀನು ಯಾರು, ಎಲ್ಲಿಂದ ಬಂದೆ, ಕೈಯಲ್ಲಿ ಅದೇನು ಎಂದು ಕೇಳುತ್ತಿರಬೇಕು. ನಮ್ಮ ಕೊಟೇಶನ್ ಅಲ್ಲಿ ಏನೆಂದು ಉತ್ತರ ಕೊಡುತ್ತಿದೆ?

"ನಾಳೆ ನಾನು ಶಾಪಿಗೆ ಬರ್ತೀನಿ ರೀ," ಎಂದೆ.

"ನೀನು ಬಂದು?"

"ಮೇಲ್ ನೋಡ್ತೀನಿ."

ಬುಧವಾರ ಅವರ ಜೊತೆಯಲ್ಲೇ ಹೋದೆ. ಶಾಪಿನ ಕ್ಯಾಬಿನ್ನು ಒಂದು ಮೇಜು, ಒಂದು ಕಂಪ್ಯೂಟರು ಹಿಡಿಸುವಷ್ಟು ದೊಡ್ಡದು. ಮಾನಿಟರಿನ ನೆತ್ತಿಯ ಮೇಲೆ ವರ್ಷವರ್ಷದ ಪೂಜೆಯ ವಿಭೂತಿ ಪದರಪದರವಾಗಿ ಕೂತಿತ್ತು. ಗಾಜಿನಾಚೆ ಕಾಯಿಲಿಂಗ್ ಮೆಷಿನ್ನು ತಂತಿಯನ್ನು ಸುರುಳಿ ಮಾಡಿ ಟಪ್ ಟಪ್ ಎಂದು ಬುಟ್ಟಿಗೆ ಬೀಳಿಸುತ್ತಿತ್ತು. ನಾನು ಕೂತು, ದೊಡ್ಡನೆಕ್ಕುಂದಿಗೆ ಹೋದ ಕೊಟೇಶನ್ನನ್ನು ತೆಗೆದೆ.

ನೆತ್ತಿಯಲ್ಲಿ ಎಂದಿನ ಶಿವನ ಚಿತ್ರ, ಅದರ ಕೆಳಗೆ ಮೊದಲು ಬಂದದ್ದು ಹಸು. ಕೊಂಬಿಗೆ ಬಣ್ಣ ಬಳಿದುಕೊಂಡ ಸಂಕ್ರಾಂತಿಯ ಹಸು. ಅದರ ಪಕ್ಕದಲ್ಲಿ ಮಿಣಮಿಣ ಮಿನುಗುವ ಮಡಕೆ, ಉಕ್ಕುತ್ತಲೇ ಇತ್ತು. ಕೆಳಗೆ ಕಬ್ಬು. ಅದರ ಕೆಳಗೆ ಆಯುಧ ಪೂಜೆಯ ದಿನ ಚೆಂಡು ಹೂವಿನ ಹಾರ ಹಾಕಿಸಿಕೊಂಡು ನಿಂತ ನಮ್ಮ ಮೆಷಿನ್ನುಗಳ ಫೋಟೋ, ಒಂದಾದ ಮೇಲೊಂದು. ಇದೆಲ್ಲ ದಾಟಿ ತಳಕ್ಕೆ ಹೋದರೆ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಟೈಪ್ ಮಾಡಿದ ಒಂದು ಸಾಲು: ಅತಿ ತುರ್ತು, ದಯಮಾಡಿ ಗಮನಿಸಿ. ಸಾಲಿನ ಕೊನೆಗೆ ಆಶ್ಚರ್ಯಚಿಹ್ನೆಗಳು ಬೇಲಿಯ ಗೂಟದಂತೆ ನಿಂತಿದ್ದವು. ಇಷ್ಟಕ್ಕೂ ಆ ಮೇಲ್‌ನ ವಿಷಯದ ಸಾಲಿನಲ್ಲಿ ಏನಿತ್ತೆಂದರೆ, ಸಂಕ್ರಾಂತಿ ಹಬ್ಬದ ಹಾರ್ದಿಕ ಶುಭಾಶಯಗಳು.

ನಾವಾಗ ಶ್ರಾವಣದಲ್ಲಿದ್ದೆವು.

"ಯಾಕ್ರೀ, ಹಬ್ಬದ ಮೇಲ್‌ಗೆ ಕೊಟೇಶನ್ ಸೇರಿಸಿದೀರಾ?"

"ಅದ್ರಲ್ಲಿ ಎಲ್ಲರ ಅಡ್ರೆಸ್ಸೂ ಇರುತ್ತೆ. ಅದನ್ನೇ ತೆಗ್ದು, ಬೇಡದವರನ್ನ ಅಳಿಸಿ, ಬೇಕಾದವರನ್ನ ಉಳಿಸ್ಕೋತೀನಿ. ಒಂದೊಂದಾಗಿ ಟೈಪ್ ಮಾಡೋದು ತಪ್ಪುತ್ತೆ."

"ಹಸು?"

"ಹಸು ಇದ್ರೆ ಏನಾಯ್ತು? ಶುಭ."

ನಗು ಬಂತು. ಆದರೆ ಅವರು ಹೇಳಿದ್ದರಲ್ಲಿ ಒಂದು ಹಳೆಯ ಮರ್ಯಾದೆಯೂ ಇತ್ತು. ಮಾವನವರು ಇದ್ದಾಗ ಆಯುಧ ಪೂಜೆ ಮುಗಿದ ಮಾರನೆಯ ದಿನ ಮಂಡಕ್ಕಿ, ಸಿಹಿ, ಬಾಳೆಹಣ್ಣಿನ ಪೊಟ್ಟಣ ಹಿಡಿದು ಗಿರಾಕಿಗಳ ಫ್ಯಾಕ್ಟರಿಗೆಲ್ಲ ತಾವೇ ಹೋಗುತ್ತಿದ್ದರು. ಆಗ ಗಿರಾಕಿಗಳೆಲ್ಲ ಪೀಣ್ಯ, ಜಾಲಹಳ್ಳಿಯ ಆಸುಪಾಸಿನವರೇ. ಈಗ ಒಬ್ಬರು ವೈಟ್‌ಫೀಲ್ಡಿಗೆ, ಒಬ್ಬರು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕೂತಿದ್ದಾರೆ. ಪೊಟ್ಟಣ ತಲುಪಿಸುವುದು ಆಗದಾದಾಗ ನಮ್ಮ ಯಜಮಾನರು ಮೇಲ್ ಶುರು ಮಾಡಿದರು. ಮಾಡಿದವರು ಗಿರಾಕಿಗಳಷ್ಟಕ್ಕೇ ನಿಲ್ಲಿಸಲಿಲ್ಲ. ಡ್ರಾಯರಿನಲ್ಲಿದ್ದ ವಿಸಿಟಿಂಗ್ ಕಾರ್ಡುಗಳೆಲ್ಲ ಒಳಗೆ ಹೋದವು: ಆಯಿಲ್ ಮಾರುವವರು, ಕೊರಿಯರಿನವರು, ಯಾವುದೋ ಎಕ್ಸಿಬಿಷನ್ನಿನಲ್ಲಿ ಒಮ್ಮೆ ಕೈಕುಲುಕಿದವರು. ಯುಗಾದಿಗೂ ಹೋಯಿತು, ಬಸವ ಜಯಂತಿಗೂ ಹೋಯಿತು, ರಾಜ್ಯೋತ್ಸವಕ್ಕೂ ಹೋಯಿತು. ಆಮೇಲೆ ಸೋಮವಾರದ ಶುಭೋದಯ, ಗುಲಾಬಿ ಹೂವಿನ ಜೊತೆ.

ನಾನು ದೊಡ್ಡನೆಕ್ಕುಂದಿಗೆ ಫೋನ್ ಮಾಡಿ, ಬೇಡದ ಮೇಲ್‌ಗಳು ಬಂದು ಬೀಳುವ ಜಂಕ್ ಫೋಲ್ಡರನ್ನು ಒಂದು ಸಲ ನೋಡಲು ಸಾಧ್ಯವೇ ಎಂದು ಪರ್ಚೇಸ್ ಮೇಡಂರನ್ನು ಕೇಳಿದೆ. ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು, ಆಮೇಲೆ ನಗು.

"ಅಯ್ಯೋ ಮೇಡಂ, ಇಲ್ಲಿದೆ ನೋಡಿ. ನಾವು ದಿನಾ ಗುಡಿಸಿಹಾಕೋ ಕಸದ ಜೊತೆ ಕೂತ್ಬಿಟ್ಟಿದೆ. ಗುಲಾಬಿ ಹೂವು ಬರ್ತಿತ್ತಲ್ಲ, ಯಾರೋ ಗೊತ್ತಿಲ್ಲದವರು ಅಂತ ನಾನೇ ಒಂದ್ಸಲ ಸ್ಪ್ಯಾಮ್ ಅಂತ ಒತ್ತಿರ್ಬೇಕು!"

"ಹಾಗಾದ್ರೆ ಈಗ ಅದನ್ನ ತಗೋಬಹುದಾ?"

"ನಾನು ತೆಗೆದು ಇಟ್ಕೋತೀನಿ ಮೇಡಂ, ಆದ್ರೆ ಅದು ಸಾಲಲ್ಲ. ಕ್ವಾಲಿಟಿಯವರಿಗೂ ಅಕೌಂಟ್ಸ್‌ನವರಿಗೂ ನಿಮ್ಮಿಂದ್ಲೇ ನೇರವಾಗಿ ಹೋಗ್ಬೇಕು, ಅದು ರೂಲು. ಅವರೆಲ್ಲ ಜಂಕ್ ತೆಗೆದು ಹುಡುಕೋರಲ್ಲ. ಶುಕ್ರವಾರದೊಳಗೆ ಮೂವರಿಗೂ ಬಂದಿದ್ರೆ ಸರಿ."

ಗೇಟು ಎಲ್ಲಿದೆ ಎಂದಾದರೂ ಗೊತ್ತಾಯಿತು. ಉಳಿದದ್ದನ್ನು ಕಂಪ್ಯೂಟರಿನಲ್ಲೇ ಹುಡುಕಿ ಓದಿದೆ. ಒಂದು ವಿಷಯ ನನಗೆ ಹೊಸದು. ಶಾಪಿನ ಹೆಸರಿನಲ್ಲಿ ವೆಬ್‌ಸೈಟು ಮಾಡಿಸಿದಾಗ ಅದೇ ಹೆಸರಿನ ಒಂದು ಮೇಲ್ ವಿಳಾಸವನ್ನೂ ಕೊಟ್ಟಿದ್ದರು. ಆದರೆ ಯಾವ ಸರ್ವರಿಗೆ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರಿಗೆ, ಆ ಹೆಸರಿನಲ್ಲಿ ಮೇಲ್ ಕಳಿಸುವ ಅಧಿಕಾರವಿದೆ ಎಂದು ಎಲ್ಲೂ ದಾಖಲು ಮಾಡಿರಲಿಲ್ಲ. ನಾವು ನಮ್ಮ ಹೆಸರು ಹೇಳುತ್ತಿದ್ದೆವು; ಹೌದು, ಇವರು ನಮ್ಮವರೇ ಎಂದು ಹೇಳುವ ಗೇಟ್ ಪಾಸು ಮಾತ್ರ ಇರಲಿಲ್ಲ. ನಮ್ಮ ಹೆಸರನ್ನು ಯಾವ ಕಳ್ಳ ಬೇಕಾದರೂ ಹೇಳಿಕೊಂಡು ಹೋಗಬಹುದಿತ್ತು. ಅಂದಮೇಲೆ ಆ ಕಡೆಯವರು ಅನುಮಾನಪಟ್ಟದ್ದು ನ್ಯಾಯವೇ.

ವೆಬ್‌ಸೈಟಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಹೇಳಿದ ಕಡೆ ಹೋಗಿ, ಹೇಳಿದ್ದನ್ನು ತುಂಬಿದೆ. ಯಾವ ಸರ್ವರ್ ಕಳಿಸಬಹುದು ಎಂಬ ಒಂದು ದಾಖಲೆ, ಪ್ರತಿ ಮೇಲಿನ ಮೇಲೂ ಬೀಳುವ ಮುದ್ರೆಗೆ ಇನ್ನೊಂದು. ಆ ಮುದ್ರೆಯದು ಜಡೆಯಷ್ಟು ಉದ್ದದ ಅಕ್ಷರಗಳ ಸಾಲು. ಒಂದು ಚುಕ್ಕೆ ಆಚೀಚೆಯಾದರೂ ಆಗದು. ಸ್ವೆಟರ್ ಹೆಣೆಯುವಾಗ ಕುಣಿಕೆ ಎಣಿಸುವಂತೆ ಬೆರಳಿಟ್ಟುಕೊಂಡು ತಾಳೆ ನೋಡಿದೆ. ಜಾರಿಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ, ಕಾಯಿರಿ ಎಂದರು.

ಯಜಮಾನರು ನಡುನಡುವೆ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಕೊನೆಗೆ ಬಂದು ನಿಂತು ಕೇಳಿದರು. "ಎಲ್ಲಾ ತೆಗೆದೆಯಾ?"

"ಹಸು, ಕಬ್ಬು, ಮಡಕೆ ಎಲ್ಲಾ ತೆಗೆದೆ. ದೇವರ ಫೋಟೋನೂ ತೆಗೀಬೇಕು."

ಪ್ರತಿ ಕೊಟೇಶನ್ನಿನ ನೆತ್ತಿಯಲ್ಲಿ ಶಿವನ ದೊಡ್ಡ ಬಣ್ಣದ ಚಿತ್ರವಿರುವುದು ಮಾವನವರ ಕಾಲದ ಪದ್ಧತಿ. ಆಗ ಅಚ್ಚಿನ ಲೆಟರ್‌ಹೆಡ್ಡು, ಈಗ ಮೇಲಿಗೆ ಅಂಟಿಸಿದ ಚಿತ್ರ. ಅಷ್ಟು ಭಾರದ ಚಿತ್ರ, ಅದರ ಕೆಳಗೆ ಒಂದೇ ಸಾಲು ಮಾತು ಇದ್ದರೆ ಗೇಟಿನವರಿಗೆ ಅನುಮಾನ ಬರುತ್ತದಂತೆ. ಯಜಮಾನರ ಮುಖ ಸಣ್ಣದಾಯಿತು. "ಅದೊಂದು ಇರ್ಲಿ ಬಿಡೇ. ಅಪ್ಪ ಯಾವತ್ತೂ ದೇವರಿಲ್ಲದೆ ರೇಟ್ ಬರೆದವರಲ್ಲ."

ನಾನು ಬಲವಂತ ಮಾಡಲಿಲ್ಲ. ಮನೆಗೆ ಬಂದಮೇಲೆ ಅತ್ತೆಯ ಮುಂದೆ ವಿಷಯ ಇಟ್ಟೆ. ಅವರದೂ ಒಂದು ಮೇಲ್ ಇದೆ, ಪೆನ್ಷನ್ನಿನ ವ್ಯವಹಾರಕ್ಕೆಂದು. ಹೊಸ ಗೇಟ್ ಪಾಸು ಇನ್ನೂ ಜಾರಿಗೆ ಬಂದಿರಲಿಲ್ಲ. ಹಳೆಯ ಮಾದರಿ ಹೇಗೆ ಹೋಗುತ್ತದೆಂದು ನೋಡಲು ಚಿತ್ರವಿದ್ದ ಕೊಟೇಶನ್ನೊಂದನ್ನು ಅವರಿಗೇ ಕಳಿಸಿದೆ. ಬರಲಿಲ್ಲ. ಜಂಕ್ ತೆರೆದು ಅವರ ಕೈಗೆ ಫೋನ್ ಕೊಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡುತ್ತ ಹೋದರು. ಅಲ್ಲಿ ಯುಗಾದಿ ಇತ್ತು, ರಾಜ್ಯೋತ್ಸವ ಇತ್ತು, ಗುಲಾಬಿಗಳು ಸಾಲಾಗಿ ಇದ್ದವು.

"ಇವೆಲ್ಲಾ ನನ್ನ ಮಗ ಕಳ್ಸಿದ್ದಾ?"

"ಹೂಂ ಅತ್ತೆ."

"ಒಂದೇ ಮನ್ಯಾಗೆ ಇದ್ದು, ನಂಗ್ಯಾಕೆ ಮೇಲ್ ಹಾಕ್ಯಾನೆ ಇವನು?"

"ಅವ್ವಾ, ಎಲ್ಲರ ಜೊತೆ ನಿಂಗೂ ಅಂತ..." ಯಜಮಾನರು ತಡವರಿಸಿದರು.

ಅತ್ತೆ ಬೆರಳಿನಿಂದ ಸರಿಸುತ್ತ ಸರಿಸುತ್ತ ಮತ್ತೆ ಮೊದಲಿಗೆ ಬಂದು, ನಾನು ಆಗಷ್ಟೇ ಕಳಿಸಿದ ಕೊಟೇಶನ್ನಿನ ಮೇಲೆ ಕೂತ ಶಿವನ ಚಿತ್ರದ ಹತ್ತಿರ ನಿಂತರು. ಒಂದು ಕಡೆ ಲಾಟರಿ ಗೆದ್ದಿದ್ದೀರಿ ಎನ್ನುವ ಮೋಸದ ಮೇಲು, ಇನ್ನೊಂದು ಕಡೆ ತೂಕ ಇಳಿಸುವ ಪುಡಿ, ನಡುವೆ ಶಿವ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಪ್ಪಾ, ದೇವರನ್ನ ಕಸದ ಬುಟ್ಯಾಗೆ ಕೂರ್ಸಕ್ಕಿಂತ ತೆಗ್ಯೋದೇ ಲೇಸು. ಮನಸ್ನಾಗೆ ನೆನಸ್ಕೊಂಡು ಕಳ್ಸು, ಸಾಕು. ನಿಮ್ಮಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು."

ಆ ಮಾತಿಗೆ ಮನೆಯಲ್ಲಿ ಅಪೀಲಿಲ್ಲ. ಕೊಟೇಶನ್ನಿನ ಕಾಗದದೊಳಗೆ, ತಲೆಬರಹದ ಮೇಲೆ, ಪುಟ್ಟದಾಗಿ ಶ್ರೀ ಎಂಬ ಅಕ್ಷರವನ್ನು ಉಳಿಸಿಕೊಂಡೆವು.

ಗುರುವಾರ ಬೆಳಿಗ್ಗೆ ಹೊಸ ರೀತಿಯ ಮೇಲೊಂದನ್ನು ಅತ್ತೆಗೆ ಮತ್ತೆ ಕಳಿಸಿದೆ. ಪೂಜೆ ಮುಗಿಸಿ ಬರುತ್ತಿದ್ದವರ ಫೋನು ಟಿಣ್ ಎಂದಿತು. "ಬಂತಲ್ಲೇ! ಮುಂದಿನ ಬಾಗಿಲಿಂದ್ಲೇ ಬಂತು!" ಎಂದು ಅಲ್ಲಿಂದಲೇ ಕೂಗಿದರು. ಆಮೇಲೆ ನಾನು ಹೇಳದೆಯೇ ಕೂತು, ಮಗನ ಹಳೆಯ ಹಬ್ಬಗಳನ್ನು ಒಂದೊಂದಾಗಿ ಜಂಕ್ ಅಲ್ಲ, ಜಂಕ್ ಅಲ್ಲ ಎಂದು ಒತ್ತುತ್ತ ಇನ್‌ಬಾಕ್ಸಿಗೆ ಕರೆತಂದರು.

ಅಸಲು ಮೇಲ್ ಬರೆಯಲು ಶಾಪಿಗೆ ಹೋದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ವಾರಕ್ಕೊಂದು ಪತ್ರ ಬರೆಯುವ ಪೀರಿಯಡ್ಡು ಇರುತ್ತಿತ್ತು. ನಮ್ಮ ಸಿಸ್ಟರ್ ಮೆದು ಮಾತಿನವರು; ಆದರೆ ಪತ್ರದಲ್ಲಿ ಒಂದು ಪದ ಹೆಚ್ಚಾದರೆ ಅದರ ಮೇಲೆ ಪೆನ್ಸಿಲಿನಿಂದ ನವಿರಾಗಿ ಗೆರೆ ಎಳೆಯುತ್ತಿದ್ದರು. ಓದುವವರು ಕೊನೆಯವರೆಗೆ ಬರುವ ಮೊದಲೇ ನೀನು ಯಾಕೆ ಬರೆದೆ ಎಂದು ಅವರಿಗೆ ತಿಳಿಯಬೇಕು, ಮಗು, ಕೂಗಬೇಡ, ಹೇಳು. ಹೀಗನ್ನುತ್ತಿದ್ದರು. ಮದುವೆಯಾಗಿ ಬಂದಮೇಲೆ ಆ ವಿದ್ಯೆಯಿಂದ ಶಾಲೆಗೆ ರಜಾ ಚೀಟಿ, ಗ್ಯಾಸಿನವರಿಗೊಂದು ದೂರು, ಇಷ್ಟನ್ನೇ ಬರೆದಿದ್ದೆ.

ಈ ಸಲ ಹಬ್ಬದ ಮೇಲಿನ ಹತ್ತಿರವೂ ಹೋಗಲಿಲ್ಲ. ಪರ್ಚೇಸ್ ಮೇಡಂ ಕಳಿಸಿದ್ದ ಮೇಲನ್ನೇ ತೆರೆದು ಅದಕ್ಕೆ ಉತ್ತರವಾಗಿ ಬರೆದೆ. ಉಳಿದಿಬ್ಬರ ವಿಳಾಸವನ್ನು ಮೇಡಂರಿಂದ ಫೋನಿನಲ್ಲಿ ಕೇಳಿ ಬರೆದುಕೊಂಡು, ನಮ್ಮ ವಿಳಾಸವನ್ನು ಮೂವರೂ ತಮ್ಮ ಪರಿಚಯದವರ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಮೊದಲೇ ಕೋರಿದೆ. ವಿಷಯದಲ್ಲಿ ಯಾವ ಸ್ಪ್ರಿಂಗು, ಅವರ ಯಾವ ವಿಚಾರಣೆಗೆ ಉತ್ತರ, ಇಷ್ಟೇ. ಒಳಗೆ ನಾಲ್ಕು ಪುಟ್ಟ ವಾಕ್ಯ, ಒಂದೇ ಒಂದು ಫೈಲು, ಕೊನೆಗೆ ಶಾಪಿನ ಹೆಸರು, ವಿಳಾಸ, ಫೋನು. ಯಜಮಾನರು ನನ್ನ ಕುರ್ಚಿಯ ಹಿಂದೆ ನಿಂತು ಓದಿದರು.

"ಇಷ್ಟೇನಾ? ಅರ್ಜೆಂಟ್ ಅಂತಾದ್ರೂ ಹಾಕು."

"ಅವರೇ ಶುಕ್ರವಾರ ಅಂದಿದಾರಲ್ಲ ರೀ. ಅರ್ಜೆಂಟ್ ಅಂತ ಅವರಿಗೆ ಗೊತ್ತು."

ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಏನನ್ನೋ ಹೇಳಿಕೊಂಡು, "ಒತ್ತು," ಎಂದರು.

ಶುಕ್ರವಾರ ನಾನು ಮತ್ತೆ ಶಾಪಿನಲ್ಲೇ ಇದ್ದೆ. ಇರಬೇಕಾದ ಕಾರಣವೇನೂ ಇರಲಿಲ್ಲ. ಕೀಬೋರ್ಡಿನ ಸಂದಿಯ ಧೂಳನ್ನು ಬಟ್ಟೆಯ ತುದಿಯಿಂದ ತೆಗೆಯುತ್ತ ಕೂತಿದ್ದೆ. ಯಜಮಾನರು ಮೆಷಿನ್ನಿನ ಹತ್ತಿರ ನಿಂತಿದ್ದರೂ ಕಿವಿ ಕ್ಯಾಬಿನ್ನಿನಲ್ಲೇ ಇತ್ತು. ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಅವರ ಫೋನ್ ಹೊಡೆದುಕೊಂಡಿತು. ಮೆಷಿನ್ನಿನ ಸದ್ದಿಗೆ ಸ್ಪೀಕರಿಗೆ ಹಾಕಿದರು.

"ಸಾರ್, ಮೂವರಿಗೂ ಬಂದಿದೆ. ಇನ್‌ಬಾಕ್ಸಿಗೇ ಬಂದಿದೆ. ಕ್ವಾಲಿಟಿಯವರು ಆಗ್ಲೇ ಓಕೆ ಅಂದ್ರು. ಲಿಸ್ಟಲ್ಲಿ ನಿಮ್ಮ ಹೆಸರು ಹಾಗೇ ಇದೆ. ಒಂದು ವಿಷಯ ಸಾರ್, ಯಾರು ಇದನ್ನ ಬರೆದಿದ್ದು? ಆಫೀಸಿಗೆ ಹೊಸಬರನ್ನ ತಗೊಂಡ್ರಾ?"

ನಮ್ಮ ಯಜಮಾನರು ನನ್ನ ಕಡೆ ನೋಡಿದರು. ಕಾಯಿಲಿಂಗ್ ಮೆಷಿನ್ನಿನ ಹತ್ತಿರವಿದ್ದವರೂ ತಿರುಗಿ ನೋಡಿದರು.

"ಹೊಸಬರಲ್ಲ ಮೇಡಂ, ನಮ್ಮನೆಯವರೇ. ಕಾನ್ವೆಂಟಲ್ಲಿ ಓದಿದೋರು," ಎಂದರು. ಆ ಕೊನೆಯ ಮಾತನ್ನು ಎಷ್ಟು ಗತ್ತಿನಿಂದ ಹೇಳಿದರೆಂದರೆ, ಮದುವೆಯ ಮಾತುಕತೆಯಲ್ಲಿ ನಮ್ಮ ತಂದೆಯೂ ಅದನ್ನು ಅಷ್ಟು ಗತ್ತಿನಿಂದ ಹೇಳಿರಲಿಲ್ಲ.

ಈಗ ಶಾಪಿನ ಮೇಲ್ ನನ್ನದೇ ಕೆಲಸ. ದಿನಾ ಅಡುಗೆ ಮುಗಿಸಿ ಮನೆಯಿಂದಲೇ ನೋಡುತ್ತೇನೆ. ನಮ್ಮ ಕಡೆಯ ಜಂಕನ್ನೂ ತಪ್ಪದೆ ತೆರೆದು ನೋಡುತ್ತೇನೆ, ನಮ್ಮ ಹಾಗೆಯೇ ಯಾರಾದರೂ ಅಲ್ಲಿ ನಿಂತಿರಬಹುದಲ್ಲ ಎಂದು. ಒಮ್ಮೆ ನಿಜವಾಗಿಯೂ ಹೊಸೂರಿನ ತಂತಿ ವ್ಯಾಪಾರಿಯೊಬ್ಬರು ಸಿಕ್ಕಿದರು.

ಹೊಸ ಮಂಚದ ಸ್ಪ್ರಿಂಗಿನ ಮೊದಲ ಲಾಟು ಹೊರಡುವ ದಿನ ನನ್ನನ್ನೂ ಬರಹೇಳಿದ್ದರು. ಎಣ್ಣೆ ಒರೆಸಿದ ಸ್ಪ್ರಿಂಗುಗಳನ್ನು ರಟ್ಟಿನ ಪೆಟ್ಟಿಗೆಗೆ ಜೋಡಿಸುತ್ತಿದ್ದರು. ಬಾಗಲಕೋಟೆಯ ಹಿರಿಯ ಕೆಲಸಗಾರರೊಬ್ಬರು ಒಂದನ್ನು ತೆಗೆದು ನನ್ನ ಕಡೆ ಚಾಚಿದರು.

"ಅಕ್ಕಾರ, ಒಮ್ಮೆ ಒತ್ತಿ ನೋಡ್ರಿ. ಇದು ನಿಮ್ಮ ಇ-ಮೇಲ್ ಮ್ಯಾಲೆ ಬಂದ ಆರ್ಡರ್ ಐತ್ರಿ."

ಎರಡು ಅಂಗೈಗಳ ನಡುವೆ ಇಟ್ಟು, ಇದ್ದ ಬಲವೆಲ್ಲ ಹಾಕಿ ಒತ್ತಿದೆ. ಒಂಚೂರು ಒಳಗೆ ಹೋದಂತಾಗಿ, ನನ್ನ ಕೈಗಳನ್ನು ಸಲೀಸಾಗಿ ಹೊರಕ್ಕೆ ತಳ್ಳಿತು. ಎಲ್ಲರೂ ನಕ್ಕರು. ಯಜಮಾನರು ಅದನ್ನು ನನ್ನಿಂದ ತೆಗೆದುಕೊಂಡು, ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿ, ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟರು.